ಪುಟಗಳನ್ನು ಬಡಿಸುವ ಪರಿಚಾರಕ

ಅಂತರಜಾಲದಲ್ಲಿ ನಾವು ಓದುವ ಪ್ರತಿಯೊಂದು ಪುಟವೂ ಎಲ್ಲಿಯೋ ಇರುವ ಒಂದು ಗಣಕಯಂತ್ರವು ನಮಗೆ ಬಡಿಸಿದುದು. ಕೇಳಿದವರಿಗೆ ಕೇಳಿದುದನ್ನು ಒದಗಿಸುವ ಈ ಪರಿಚಾರಕನಿಗೆ ‘ಸರ್ವರ್’ ಎಂದು ಹೆಸರು. ಇದನ್ನು ದೊಡ್ಡ ಸಂಸ್ಥೆಗಳೇ ಕಟ್ಟಬೇಕೆಂಬ ನಿಯಮವಿಲ್ಲ. ಮೇಜಿನ ಮೇಲಿನ ಸಾಮಾನ್ಯ ಗಣಕಕ್ಕೂ ಈ ಕೆಲಸವನ್ನು ಕಲಿಸಬಹುದು.

೧೯೯೫ರಲ್ಲಿ ಬ್ರೆಂಡನ್ ಐಕ್ ಎಂಬವರು ರಚಿಸಿದ ಜಾವಾಸ್ಕ್ರಿಪ್ಟ್ ಭಾಷೆಯು ಬಹುಮಟ್ಟಿಗೆ ಓದುಗನ ಬ್ರೌಸರಿನೊಳಗೇ ದುಡಿಯುತ್ತಿತ್ತು. ೨೦೦೯ರಲ್ಲಿ ರಯಾನ್ ಡಾಲ್ ಅವರು ‘ನೋಡ್’ ಎಂಬ ಸಾಧನವನ್ನು ನಿರ್ಮಿಸಿ, ಅದೇ ಭಾಷೆಯಿಂದ ಸರ್ವರಿನ ಕೆಲಸವನ್ನೂ ಸುಲಭವಾಗಿ ಮಾಡಿಸಬಹುದೆಂದು ತೋರಿಸಿದರು.

ನೋಡನ್ನು ಗಣಕದಲ್ಲಿ ಸ್ಥಾಪಿಸಿದ ಮೇಲೆ ಬರೆಯಬೇಕಾದುದು ಕೆಲವೇ ಸಾಲುಗಳು. ಮೊದಲು ‘ಎಚ್‌ಟಿಟಿಪಿ’ ಎಂಬ ಘಟಕವನ್ನು ಬರಮಾಡಿಕೊಳ್ಳಬೇಕು. ಬ್ರೌಸರಿಗೂ ಸರ್ವರಿಗೂ ನಡುವಣ ಮಾತುಕತೆಯ ನಿಯಮಗಳನ್ನು ಅದು ಬಲ್ಲುದು. ಎರಡನೆಯದಾಗಿ, ಕೋರಿಕೆ ಬಂದಾಗ ಮಾಡಬೇಕಾದುದೇನೆಂಬುದನ್ನು ‘ಕ್ರಿಯೇಟ್‌ಸರ್ವರ್’ ಎಂಬ ಆಜ್ಞೆಗೆ ತಿಳಿಸಬೇಕು. ಪುಟವಿದ್ದರೆ ೨೦೦ ಎಂಬ ಸಂಕೇತದೊಡನೆ ಅದನ್ನು ಕಳುಹಿಸುವುದು. ಇಲ್ಲವಾದರೆ ‘ದೊರೆಯಲಿಲ್ಲ’ ಎಂದರ್ಥ ಕೊಡುವ ೪೦೪ನ್ನು ಕಳುಹಿಸುವುದು. ಪುಟವು ಕನ್ನಡದಲ್ಲಿದ್ದರೆ, ಅಕ್ಷರಗಳು ‘ಯುಟಿಎಫ್-೮’ ಕ್ರಮದಲ್ಲಿವೆಯೆಂದು ಉತ್ತರದ ಶಿರೋಭಾಗದಲ್ಲಿ ಸೂಚಿಸತಕ್ಕದ್ದು. ತಪ್ಪಿದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣಬಹುದು. ಕೊನೆಯದಾಗಿ, ‘ಲಿಸನ್’ ಎಂಬ ಆಜ್ಞೆಯಿಂದ ಸರ್ವರನ್ನು ಕೋರಿಕೆಗಳಿಗೆ ಕಿವಿಗೊಟ್ಟು ಕೂರಿಸಬೇಕು.

ನೋಡಿನ ದುಡಿಮೆ ಹೋಟೆಲಿನ ಚುರುಕು ಮಾಣಿಯಂತೆ. ಒಬ್ಬರಿಗೆ ದೋಸೆ ಬೇಕೆಂದು ಅಡಿಗೆಮನೆಗೆ ಕೂಗಿ ಹೇಳಿ, ಅದು ಬೇಯುವವರೆಗೆ ಕಾಯದೆ ಅವನು ಮುಂದಿನ ಮೇಜಿಗೆ ನಡೆಯುತ್ತಾನೆ. ಹಾಗೆಯೇ, ಡಿಸ್ಕಿನಿಂದ ಕಡತ ಬರುವಷ್ಟರಲ್ಲಿ ನೋಡ್ ಇತರರ ಕೋರಿಕೆಗಳನ್ನು ಗಮನಿಸುತ್ತದೆ. ಆದರೆ ಮಾಣಿಯನ್ನೇ ಹಿಟ್ಟು ರುಬ್ಬಲು ಕೂರಿಸಿದರೆ ಹೋಟೆಲೇ ನಿಲ್ಲುವುದು! ದೀರ್ಘವಾದ ಲೆಕ್ಕವನ್ನು ಅದೇ ಕಾರ್ಯಕ್ರಮಕ್ಕೆ ಹೊರಿಸಿದರೂ ಹೀಗೆಯೇ ಎಲ್ಲರೂ ಕಾಯಬೇಕಾಗುತ್ತದೆ.

ಇನ್ನು ಎಚ್ಚರಿಕೆಯ ಮಾತು. ಸರ್ವರು ಎಲ್ಲಿ ಕಿವಿಗೊಡಬೇಕೆಂಬುದನ್ನು ವಿಳಾಸ, ಪೋರ್ಟ್ ಎಂಬ ಎರಡು ಅಂಶಗಳು ನಿರ್ಧರಿಸುತ್ತವೆ. ವಿಳಾಸವು ಮನೆಯಾದರೆ ಪೋರ್ಟು ಅದರ ಬಾಗಿಲು. ಬಾಗಿಲುಗಳ ಎಣಿಕೆ ೬೫,೫೩೫ರವರೆಗೆ ಉಂಟು. ಎಚ್‌ಟಿಟಿಪಿಗೆ ಗೊತ್ತಾದುದು ೮೦, ಅಭ್ಯಾಸಕ್ಕೆ ೩೦೦೦ ಅಥವಾ ೮೦೮೦ ವಾಡಿಕೆ. ೧೨೭.೦.೦.೧ ಎಂಬ ವಿಳಾಸವನ್ನು ಕೊಟ್ಟರೆ ಆ ಗಣಕದೊಳಗಿನ ಕೋರಿಕೆಗಳಿಗೆ ಮಾತ್ರ ಉತ್ತರ ದೊರೆಯುವುದು. ವಿಳಾಸವನ್ನೇ ಕೊಡದಿದ್ದರೆ ನೋಡ್ ಗಣಕದ ಎಲ್ಲ ವಿಳಾಸಗಳಲ್ಲಿಯೂ ಕಿವಿಗೊಡುತ್ತದೆ. ಫೈರ್‌ವಾಲ್ ತಡೆಯದಿದ್ದಲ್ಲಿ, ಅದೇ ವೈಫೈಯನ್ನು ಬಳಸುವ ಅಪರಿಚಿತನೂ ಬಂದು ಬಾಗಿಲು ತಟ್ಟಬಹುದು. ಆದುದರಿಂದ ಅಭ್ಯಾಸಿಗಳು ಮೊದಲು ೧೨೭.೦.೦.೧ನ್ನೇ ಬಳಸಿ, ಪರೀಕ್ಷೆಗಳೆಲ್ಲ ಮುಗಿದ ತರುವಾಯ ಹೊರಗಿನವರಿಗೆ ಬಾಗಿಲು ತೆರೆಯುವುದು ಲೇಸು.