ಮಾನಸೋಲ್ಲಾಸದ ಶ್ರಮವೂ ದ್ವಂದ್ವವೂ

ಕಲ್ಯಾಣದ ಚಾಳುಕ್ಯಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು (ಕ್ರಿ. ಶ. 1126–1138) ರಚಿಸಿದ ಮಾನಸೋಲ್ಲಾಸವು ರಾಜನೀತಿ ಮೊದಲ್ಗೊಂಡು ಪಾಕವಿಧಿಯವರೆಗೆ ನೂರು ಅಧ್ಯಾಯಗಳಲ್ಲಿ ಹರಡಿರುವ ಗ್ರಂಥವೆಂಬುದು ವಿದ್ವಾಂಸರಿಗೆ ವಿದಿತವಾದುದೇ ಸರಿ. ಇದರ ಐದು ವಿಂಶತಿಗಳಲ್ಲಿ ನಾಲ್ಕನೆಯದು ವಿನೋದಗಳನ್ನೂ ಐದನೆಯದು ಕ್ರೀಡೆಗಳನ್ನೂ ನಿರೂಪಿಸುತ್ತದೆ. ಆ ಕಾಲದ ಮಲ್ಲರಂಗವನ್ನು ಇಂದಿನ ಬಸವಕಲ್ಯಾಣದಲ್ಲಿ ಬೆರಳಿಟ್ಟು ತೋರಿಸುವುದು ಶಕ್ಯವಲ್ಲ. ನೆರೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯಲ್ಲಿ, ದೇವಾಲಯದ ಭಿತ್ತಿಯ ಮೇಲೆ, ಸೋಮೇಶ್ವರನ ತಂದೆಯಾದ ಆರನೆಯ ವಿಕ್ರಮಾದಿತ್ಯನ ಸ್ತುತಿಯನ್ನು ಬರೆಯುತ್ತಿರುವ ಶಿಲಾಬಾಲಿಕೆಯು ಇಂದಿಗೂ ನಿಂತಿದ್ದಾಳೆ. ಅರಮನೆಯ ಆಟಪಾಟಗಳ ವಿವರವನ್ನಾದರೋ ಗ್ರಂಥದಿಂದಲೇ ತಿಳಿಯಬೇಕು. ಆ ವಿವರದಲ್ಲಿ ಅಡಗಿರುವ ಒಂದು ಭೇದವು ಈಚಿನ ಗಣಕಯಂತ್ರದ ಸಮರಕ್ರೀಡೆಗಳಲ್ಲಿ ಎದ್ದಿರುವ ಒಂದು ತೊಡಕನ್ನು ಬಿಡಿಸಲು ಒದಗುವಂತಿದೆ.

ರಿಯಲ್ ಟೈಮ್ ಸ್ಟ್ರ್ಯಾಟೆಜಿ ಎಂದು ಕರೆಯಲ್ಪಡುವ ಈ ಕ್ರೀಡೆಗಳಲ್ಲಿ ಚದುರಂಗದಂತೆ ಸರದಿಯೆಂಬುದಿಲ್ಲ. ಉಭಯಪಕ್ಷದವರೂ ಏಕಕಾಲದಲ್ಲಿಯೇ ದ್ರವ್ಯವನ್ನು ಕೂಡಿಸುತ್ತ, ಕೋಟೆಗಳನ್ನು ಕಟ್ಟುತ್ತ, ದಂಡನ್ನು ನಡೆಸುವರು. 1992ರ ಡ್ಯೂನ್ 2, 1998ರ ಸ್ಟಾರ್‌ಕ್ರಾಫ್ಟ್, 1999ರ ಏಜ್ ಆಫ್ ಎಂಪೈರ್ಸ್ 2 ಇವು ಈ ಜಾತಿಯಲ್ಲಿ ಪ್ರಸಿದ್ಧವಾದುವು. ಇವುಗಳಲ್ಲಿ ಹೆಚ್ಚಿನವನ್ನು ಎರಡು ಬಗೆಯಾಗಿ ಆಡಬಹುದು. ಒಬ್ಬನೇ ಕುಳಿತು, ಕರ್ತೃವು ಹೆಣೆದ ಕಥೆಯೊಳಗೆ ಯಂತ್ರವನ್ನು ಎದುರಿಸುವುದು ಒಂದು. ಮತ್ತೊಬ್ಬ ಮನುಷ್ಯನೊಡನೆ ಸೆಣಸುವುದು ಇನ್ನೊಂದು. ಮೊದಲನೆಯದರಲ್ಲಿ ವೈಷಮ್ಯವೇ ರಸಕ್ಕೆ ಮೂಲ: ಮುತ್ತಿಗೆಗೆ ಸಿಕ್ಕಿದ ಒಂದು ಪುಟ್ಟ ಕೋಟೆ, ಹೊರಗೆ ಹತ್ತುಮಡಿ ಸೈನ್ಯ. ಎರಡನೆಯದರಲ್ಲಿ ಆ ವೈಷಮ್ಯವೇ ದೋಷವೆನಿಸುವುದು. ಆದರೆ ಎರಡರಲ್ಲಿಯೂ ಕಾದುವ ಭಟರು ಅವರೇ. ಸ್ಪರ್ಧೆಯ ಸಾಮ್ಯಕ್ಕಾಗಿ ಒಬ್ಬ ಭಟನ ಬಲವನ್ನು ತಗ್ಗಿಸಿದರೆ ಅವನನ್ನೇ ನೆಚ್ಚಿ ರಚಿಸಿದ ಕಥಾಪ್ರಸಂಗವು ಕೆಡುವುದು; ಕಥೆಗಾಗಿ ಅವನನ್ನು ಹೆಚ್ಚಿಸಿದರೆ ಸ್ಪರ್ಧೆಯು ಕೆಡುವುದು. ತೊಡಕು ಇರುವುದು ಇಲ್ಲಿಯೇ.

ಸೋಮೇಶ್ವರನ ಮಲ್ಲವಿನೋದವನ್ನು ಈಗ ನೋಡಬಹುದು. ಅಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ತರಗತಿಗಳಾಗಿ ವಿಂಗಡಿಸಿದೆ. ಅವರ ಆಹಾರವನ್ನು ಹೇಳಿದೆ. ಬಳಿಕ ಅವರು ಮಾಡಬೇಕಾದ ಶ್ರಮಗಳನ್ನು ವಿಧಿಸಿದೆ: ಭಾರವನ್ನೆತ್ತುವ ಭಾರಶ್ರಮ, ನಡೆದಾಡುವ ಭ್ರಮಣಶ್ರಮ, ನೀರಿನಲ್ಲಿ ಈಸುವ ಸಲಿಲಶ್ರಮ, ಕಂಬವನ್ನು ಹಿಡಿದು ಮಾಡುವ ಸ್ತಂಭಶ್ರಮ ಮುಂತಾದುವು. ಈ ಸ್ತಂಭಶ್ರಮವನ್ನೇ ಇಂದಿನ ಮಲ್ಲಕಂಬದ ಪೂರ್ವರೂಪವೆಂದು ಗಣಿಸುವುದುಂಟು. ಕಂಬವು ತಿರುಗಿ ಹೊಡೆಯುವುದಿಲ್ಲ. ಅದು ಮಲ್ಲನಿಗಿಂತ ಎತ್ತರವೂ ಗಟ್ಟಿಯೂ ಆಗಿದ್ದರೆ ಅನ್ಯಾಯವೆಂದು ಯಾರೂ ಅನ್ನುವುದಿಲ್ಲ. ಅದು ಹಾಗಿದ್ದರೇ ಶ್ರಮಕ್ಕೆ ಅರ್ಥ. ರಂಗದಲ್ಲಿ ಮಾತ್ರ ಜ್ಯೇಷ್ಠಿಕನ ಮುಂದೆ ಗೋವಲನನ್ನು ನಿಲ್ಲಿಸಿದರೆ ವಿನೋದವೇ ಇಲ್ಲವಾಗುವುದು. ಗಮನಿಸತಕ್ಕ ಅಂಶವೇನೆಂದರೆ, ಇಲ್ಲಿ ಸಾಮ್ಯವನ್ನು ತರುವುದು ತರಗತಿಯೇ ಹೊರತು ಪಟ್ಟಿನ ಮಾರ್ಪಾಡಲ್ಲ. ಶ್ರಮದಲ್ಲಿ ಕಲಿತ ಪಟ್ಟೇ ರಂಗಕ್ಕೂ ಬರುವುದು.

ಪಟ್ಟನ್ನೇ ಬದಲಾಯಿಸಿದರೆ ಏನಾಗುವುದೆಂಬುದಕ್ಕೆ ಅಲಂಕಾರಶಾಸ್ತ್ರದಲ್ಲಿಯೇ ನಿದರ್ಶನವಿದೆ. ಒಂಬತ್ತನೆಯ ಶತಮಾನದ ರುದ್ರಟನು ತನ್ನ ಕಾವ್ಯಾಲಂಕಾರದಲ್ಲಿ ಚದುರಂಗದ ನಡೆಗಳನ್ನು ಅನುಸರಿಸಿದ ಚಿತ್ರಬಂಧಗಳನ್ನು ಕೊಟ್ಟಿದ್ದಾನೆ. ತುರಗಪದದಲ್ಲಿ ಶ್ಲೋಕದ 32 ಅಕ್ಷರಗಳನ್ನು ಎಂಟೆಂಟು ಮನೆಗಳ ನಾಲ್ಕು ಸಾಲಿನಲ್ಲಿಟ್ಟು ಕುದುರೆಯ ನೆಗೆತದಿಂದ ಓದಿದರೆ ಅದೇ ಶ್ಲೋಕವು ಮತ್ತೆ ದೊರೆಯುವುದು. ಇದು ಎದುರಾಳಿಯಿಲ್ಲದೆ ಒಬ್ಬನೇ ಹಾಸಿನ ಮೇಲೆ ಆಡುವ ಆಟವೇ ಸರಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರೂ (1794–1868) ಇಂಥ ತುರಗಸಂಚಾರಗಳನ್ನು ರಚಿಸಿ ನಲಿದವರು. ಚದುರಂಗದಲ್ಲಿ ಇತರ ಕಾಯಿಗಳ ನಡೆಗಳು ದೇಶಕಾಲಗಳಿಂದ ಮಾರ್ಪಟ್ಟುವು. ಹದಿನೈದನೆಯ ಶತಮಾನದ ಅಂತ್ಯಭಾಗದಲ್ಲಿ ಯೂರೋಪಿನಲ್ಲಿ ಮಂತ್ರಿಯ ಬಲವು ಅತಿಶಯವಾಗಿ ಹೆಚ್ಚಿ ಸ್ಪರ್ಧೆಗೆ ವೇಗ ಬಂದಿತು. ಕುದುರೆಯ ನಡೆಯೊಂದು ಮಾತ್ರ ಹಾಗೆಯೇ ಉಳಿಯಿತು. ಆದಕಾರಣ ರುದ್ರಟನ ತುರಗಪದವನ್ನು ಇಂದಿನ ವಿದ್ಯಾರ್ಥಿಯೂ ತಡೆಯಿಲ್ಲದೆ ಓದಬಲ್ಲನು. ಅವನ ಗಜಪದವಾದರೋ ಇಂದಿನ ಹಾಸಿನ ಆನೆಯ ನಡೆಗೂ ಹೊಂದದು, ಒಂಟೆಯ ನಡೆಗೂ ಹೊಂದದು. ವ್ಯಾಖ್ಯಾನವಿಲ್ಲದೆ ಬಿಡಿಸುವುದು ಕಷ್ಟ. ಅಧ್ಯಾಪಕರು ತರಗತಿಯಲ್ಲಿ ಎರಡನ್ನೂ ಹಾಸಿನ ಮೇಲೆ ಬರೆದು ತೋರಿಸಿದರೆ ಈ ಮಾತು ನಿಮಿಷದಲ್ಲಿ ಮನವರಿಕೆಯಾಗುವುದು.

ಗಣಕಕ್ರೀಡೆಗಳ ಕರ್ತೃಗಳು ಈ ನಷ್ಟವನ್ನು ತಪ್ಪಿಸಲು ಹಿಡಿದ ದಾರಿಗಳಲ್ಲಿ ಒಂದು ವಿಶೇಷವಾಗಿ ಉಲ್ಲೇಖಾರ್ಹವಾಗಿದೆ. 2010ರ ಸ್ಟಾರ್‌ಕ್ರಾಫ್ಟ್ 2ರಲ್ಲಿ ಮೆಡಿಕ್, ಫೈರ್‌ಬ್ಯಾಟ್, ಗೋಲಿಯಾತ್ ಮುಂತಾದ ಹಳೆಯ ಭಟರನ್ನು ಕಥಾಭಾಗಕ್ಕೆ ಉಳಿಸಿಕೊಂಡು ಸ್ಪರ್ಧೆಯಿಂದ ಹೊರಗಿಟ್ಟರು. ಕಂಬಕ್ಕೂ ರಂಗಕ್ಕೂ ಬೇರೆಬೇರೆ ಪಟ್ಟುಗಳನ್ನು ಕಲಿಸಿದಂತಾಯಿತು. ಇದರಿಂದ ಕಥೆಯು ಸಮೃದ್ಧವಾಯಿತೆಂಬುದು ನಿಜ. ಆದರೆ ಕಥೆಯನ್ನು ಮುಗಿಸಿ ಸ್ಪರ್ಧೆಗೆ ಇಳಿದವನು ತಾನು ಕಲಿತುದರಲ್ಲಿ ಎಷ್ಟೋ ಭಾಗವನ್ನು ಬಾಗಿಲಲ್ಲಿಯೇ ಬಿಟ್ಟು ಬರಬೇಕಾಯಿತು. ಯಂತ್ರದ ಪಕ್ಷವು ಅತಿಕಠಿನವಾಗಬೇಕಾದಾಗ ಅದಕ್ಕೆ ಎದುರಾಳಿಯ ನೆಲವೆಲ್ಲ ಕಾಣುವಂತೆ ಮಾಡುವುದು, ಹೆಚ್ಚು ದ್ರವ್ಯವನ್ನು ಕೊಡುವುದು ಎಂಬ ಉಪಾಯವನ್ನೂ ಅಲ್ಲಿ ಬಹಿರಂಗವಾಗಿಯೇ ಇಟ್ಟಿದ್ದಾರೆ. ಅದಕ್ಕೆ ಮೋಸಗಾರನೆಂದೇ ಹೆಸರು. ಮನುಷ್ಯನು ಹಾಗೆ ಮಾಡಿದರೆ ದ್ಯೂತದ ಕಪಟವಾಗುವುದು, ಯಂತ್ರಕ್ಕೆ ಅದು ಕಂಬದ ಎತ್ತರವಿದ್ದಂತೆ.

ಸೋಮೇಶ್ವರನ ಪದ್ಧತಿಗೆ ಹೆಚ್ಚು ಸಮೀಪವಾದುದು ಏಜ್ ಆಫ್ ಎಂಪೈರ್ಸ್ 2ಕ್ಕೆ 2022ರಲ್ಲಿ ಸೇರಿದ ಭಾಗವೆಂದು ತೋರುತ್ತದೆ. ಅಲ್ಲಿ ದ್ರಾವಿಡರೆಂಬ ಪಕ್ಷವನ್ನು ಹೊಸದಾಗಿ ತಂದು, ಕಲ್ಯಾಣದ ಚಾಳುಕ್ಯರ ಮನೆತನಕ್ಕೆ ಬದ್ಧವೈರಿಯಾಗಿದ್ದ ರಾಜೇಂದ್ರಚೋಳನ ಕಥೆಯನ್ನು ಒಬ್ಬನೇ ಆಡುವವನಿಗಾಗಿ ಹೆಣೆದಿದ್ದಾರೆ. ಆ ಪಕ್ಷಕ್ಕೆ ಕಾಲಾಳು ಮತ್ತು ಹಡಗುಗಳಲ್ಲಿ ಬಲ ಹೆಚ್ಚು, ಕುದುರೆದಳದಲ್ಲಿ ಕಡಿಮೆ. ಈ ಗುಣದೋಷಗಳು ಕಥೆಗೂ ಸ್ಪರ್ಧೆಗೂ ಸಾಮಾನ್ಯ. ಪ್ರಸಂಗದಿಂದ ಪ್ರಸಂಗಕ್ಕೆ ಬೇರೆಯಾಗುವುದು ನೆಲ, ಶತ್ರುಸಂಖ್ಯೆ, ಸಾಧಿಸಬೇಕಾದ ಗುರಿ, ಇಷ್ಟು ಮಾತ್ರ.