ಮುಕ್ತ ಕಚೇರಿ ತಂತ್ರಾಂಶವೂ ಮೂರು ಬಗೆಯ ಗಣಕಗಳೂ

ಈ ತ್ರೈಮಾಸಿಕಕ್ಕೆ ಬರುವ ಲೇಖನಗಳಲ್ಲಿ ಕೈಬರಹದವು ಈಗ ತೀರ ವಿರಳ. ಬಹುತೇಕ ಎಲ್ಲರೂ ಗಣಕದಲ್ಲಿಯೇ ಬರೆದು ಕಳುಹಿಸುತ್ತಾರೆ. ಕೆಲಕಾಲದ ಹಿಂದೆ ಹೀಗೆ ಬಂದ ಒಂದು ಸಂಶೋಧನ ಲೇಖನವು ಡೊಂಬಿವಲಿಯ ಲೇಖಕರ ಮ್ಯಾಕ್ ಗಣಕದಲ್ಲಿ 14 ಪುಟಗಳಷ್ಟಿದ್ದುದು, ಮುಲುಂಡಿನ ಪರಿಶೀಲಕರ ವಿಂಡೋಸ್ ಗಣಕದಲ್ಲಿ 16 ಪುಟಗಳಾಗಿ, ಲಿನಕ್ಸ್ ಹಾಕಿರುವ ನನ್ನ ಮನೆಯ ಹಳೆಯ ಗಣಕದಲ್ಲಿ 15 ಪುಟಗಳಾಗಿ ಕಾಣಿಸಿಕೊಂಡಿತು. ಪುಟಸಂಖ್ಯೆಯನ್ನು ಹಿಡಿದು ಪರಿಶೀಲಕರು ಸೂಚಿಸಿದ ತಿದ್ದುಪಡಿಗಳಲ್ಲಿ ಒಂದಾದರೂ ಲೇಖಕರ ಪ್ರತಿಗೆ ತಾಳೆಯಾಗಲಿಲ್ಲ. ಇಬ್ಬರೂ ಹಿರಿಯರು, ಲೇಖನವನ್ನು ಸರಿಯಾಗಿ ಓದಿಲ್ಲವೆಂದು ಒಬ್ಬರಿಗೆ, ಓದಿದ ಮೇಲೆ ಬದಲಿಸಿದ್ದಾರೆಂದು ಇನ್ನೊಬ್ಬರಿಗೆ ಸಂಶಯ. ವಿಚಿತ್ರವೇನೆಂದರೆ ಮೂವರೂ ಬಳಸಿದ್ದು ಒಂದೇ ತಂತ್ರಾಂಶವನ್ನು, ಲಿಬ್ರೆಆಫೀಸನ್ನು. ತಂತ್ರಾಂಶ ಒಂದೇ ಆದರೂ ಅದನ್ನು ‘ಸ್ಥಾಪಿಸುವುದು’ ಎಂಬ ಮಾತಿಗೆ ಮೂರು ವ್ಯವಸ್ಥೆಗಳಲ್ಲಿ ಮೂರು ಅರ್ಥಗಳಿವೆ; ಕನ್ನಡದ ಮಟ್ಟಿಗಂತೂ ಆ ಕಾರ್ಯವು ತಂತ್ರಾಂಶ ಬಂದು ಕುಳಿತ ಮಾತ್ರಕ್ಕೆ ಮುಗಿಯುವುದಿಲ್ಲ. ಇದನ್ನು ವಿಶದಪಡಿಸುವುದೇ ಈ ಲೇಖನದ ಉದ್ದೇಶ.

ಲಿಬ್ರೆಆಫೀಸಿನ ಮೂಲವು ಜರ್ಮನಿಯ ಸ್ಟಾರ್ ಡಿವಿಷನ್ ಎಂಬ ಸಂಸ್ಥೆಯ ಸ್ಟಾರ್‌ಆಫೀಸ್. ಆ ಸಂಸ್ಥೆಯನ್ನು 1999ರಲ್ಲಿ ಅಮೆರಿಕೆಯ ಸನ್ ಕಂಪೆನಿ ಕೊಂಡುಕೊಂಡಿತು. 2000ದ ಅಕ್ಟೋಬರಿನಲ್ಲಿ ಅದರ ಮೂಲ ಸಂಕೇತವನ್ನು ಓಪನ್‌ಆಫೀಸ್ ಎಂಬ ಹೆಸರಿನಿಂದ ಲೋಕಕ್ಕೆ ಬಿಟ್ಟುಕೊಟ್ಟಿತು. 2010ರಲ್ಲಿ ಸನ್ ಕಂಪೆನಿಯು ಒರಾಕಲ್‌ನ ವಶವಾದಾಗ, ಕಾರ್ಯಕರ್ತರಲ್ಲಿ ಬಹುಮಂದಿ ಹೊರಬಂದು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಿಬ್ರೆಆಫೀಸನ್ನು ಘೋಷಿಸಿದರು. ಡಾಕ್ಯುಮೆಂಟ್ ಫೌಂಡೇಶನ್ ಎಂಬ ಪ್ರತಿಷ್ಠಾನ ಅದನ್ನು ಇಂದು ನಡೆಸುತ್ತಿದೆ. ಇಲ್ಲಿ ‘ಮುಕ್ತ’ವೆಂಬುದನ್ನೂ ‘ಉಚಿತ’ವೆಂಬುದನ್ನೂ ಒಂದೇ ಎಂದು ತಿಳಿಯಬಾರದು. ಪ್ರತಿಷ್ಠಾನದ ತಾಣದಲ್ಲಿ ಬೆಲೆಯಿಲ್ಲದೆ ದೊರೆಯುವ ಇದೇ ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ಮತ್ತು ಆಪಲ್ ಕಂಪೆನಿಗಳ ಅಂತರ್ಜಾಲ ಮಳಿಗೆಗಳಲ್ಲಿ ಅಲ್ಪ ಶುಲ್ಕವಿದೆ. ಅದು ಮೋಸವಲ್ಲ; ಮುಕ್ತವೆಂದರೆ ಬಳಸಲು, ಹಂಚಲು, ತಿದ್ದಲು ಹಕ್ಕುಳ್ಳದ್ದು ಎಂದಷ್ಟೇ ಅರ್ಥ.

ವಿಂಡೋಸಿನಲ್ಲಿ ಸ್ಥಾಪನೆಯೆಂದರೆ ಒಂದೇ ದೊಡ್ಡ ಫೈಲನ್ನು ಇಳಿಸಿಕೊಂಡು ಅದನ್ನು ಓಡಿಸುವುದು. ಅದು ತನ್ನ ಭಾಗಗಳನ್ನು ತಾನೇ ಅಲ್ಲಲ್ಲಿ ಇರಿಸಿ, ವಿಂಡೋಸಿನ ರಿಜಿಸ್ಟ್ರಿಯಲ್ಲಿ ತನ್ನ ಗುರುತನ್ನು ಬರೆದುಕೊಳ್ಳುತ್ತದೆ. ಇದಕ್ಕೆ ಗಣಕದ ಮೇಲೆ ಆಡಳಿತಾಧಿಕಾರ ಬೇಕು. ಆದುದರಿಂದ ಕಚೇರಿಯ ಗಣಕದಲ್ಲಿ ಹಾಕಿಕೊಳ್ಳುವೆನೆಂಬ ಆಸೆಯನ್ನು ಬ್ಯಾಂಕಿನವರು ಮೊದಲೇ ಬಿಡುವುದು ಮೇಲು. ಕನ್ನಡದ ಪರದೆ ಬೇಕಾದವರು ಒಂದು ಸಂಗತಿಯನ್ನು ಮರೆಯಬಾರದು. ಎಲ್ಲ ಭಾಷೆಗಳೂ ಆ ಒಂದೇ ಫೈಲಿನಲ್ಲಿವೆಯಾದರೂ, ‘ಕಸ್ಟಮ್’ ಎಂಬ ದಾರಿಯನ್ನು ಹಿಡಿದು ಕನ್ನಡವನ್ನು ಆರಿಸದಿದ್ದರೆ ಅದು ಇಳಿಯದೆ ಹೋಗಬಹುದು. ‘ನೆಕ್ಸ್ಟ್, ನೆಕ್ಸ್ಟ್’ ಎಂದು ಒತ್ತುತ್ತ ಹೋಗುವವರಿಗೆ ಈ ದಾರಿ ಕಾಣುವುದೇ ಇಲ್ಲ.

ಮ್ಯಾಕಿನ ವಿಧಾನ ನೋಡಲು ಅತಿ ಸರಳ. ಇಳಿಸಿದ ಫೈಲನ್ನು ತೆರೆದರೆ ಒಂದು ಚಿತ್ರ ಕಾಣುತ್ತದೆ. ಅದನ್ನು ‘ಅಪ್ಲಿಕೇಶನ್ಸ್’ ಕೋಶಕ್ಕೆ ಎಳೆದು ಹಾಕಿದರೆ ಮುಗಿಯಿತು. ಇಡೀ ತಂತ್ರಾಂಶ ಒಂದು ಬೀಗ ಹಾಕಿದ ಪೆಟ್ಟಿಗೆಯಂತೆ ಒಂದೇ ಕಡೆ ಇರುತ್ತದೆ. ಆದರೆ ಎರಡು ತೊಡಕುಗಳಿವೆ. ಆಪಲ್ ಕಂಪೆನಿಯು 2020ರಿಂದ ತನ್ನದೇ ಚಿಪ್ಪನ್ನು ಬಳಸಲಾರಂಭಿಸಿದ್ದರಿಂದ, ಹಳೆಯ ಇಂಟೆಲ್ ಯಂತ್ರಕ್ಕೊಂದು, ಹೊಸದಕ್ಕೊಂದು ಎಂದು ಎರಡು ಪ್ರತಿಗಳಿವೆ. ಇನ್ನೊಂದು, ಕನ್ನಡದ ಭಾಷಾಪೊಟ್ಟಣವನ್ನು ಬೇರೆಯಾಗಿ ಇಳಿಸಬೇಕು. ಅದಕ್ಕೆ ಮೊದಲು ತಂತ್ರಾಂಶವನ್ನು ಒಮ್ಮೆಯಾದರೂ ತೆರೆದು ಮುಚ್ಚಿರಬೇಕು. ಈ ಕ್ರಮ ತಪ್ಪಿದರೆ ಮ್ಯಾಕಿನ ಕಾವಲು ವ್ಯವಸ್ಥೆ ಪೆಟ್ಟಿಗೆಯನ್ನು ಯಾರೋ ಕೆದಕಿದ್ದಾರೆಂದು ಸಂಶಯಪಟ್ಟು ತಡೆಯುವುದುಂಟು.

ಲಿನಕ್ಸಿನ ಮಾತು ಬೇರೆ. ಅಲ್ಲಿ ಪ್ರತಿ ತಂತ್ರಾಂಶವೂ ತನ್ನ ಲೆಕ್ಕವನ್ನು ತಾನೇ ಬರೆದುಕೊಳ್ಳುವ ಪದ್ಧತಿಯಿಲ್ಲ. ಇಡೀ ಗಣಕಕ್ಕೆ ಒಂದೇ ಲೆಡ್ಜರ್. ಡೆಬಿಯನ್, ಉಬುಂಟು, ಫೆಡೋರ ಮೊದಲಾದ ಪ್ರತಿಯೊಂದು ವಿತರಣೆಗೂ ತನ್ನದೇ ಭಂಡಾರವಿದ್ದು, ಅಲ್ಲಿಂದ ಬರುವ ಪೊಟ್ಟಣಗಳ ಸಹಿಯನ್ನು ಯಂತ್ರವೇ ತಾಳೆ ನೋಡಿ ಒಳಗೆ ಬಿಡುತ್ತದೆ. ಚೆಕ್ಕಿನ ಮೇಲಿನ ಸಹಿಯನ್ನು ಮಾದರಿ ಸಹಿಯೊಡನೆ ಹೋಲಿಸಿ ನೋಡಿ ಕಣ್ಣು ಸೋತ ನನ್ನಂಥವನಿಗೆ ಈ ಏರ್ಪಾಡು ತುಂಬ ಹಿಡಿಸಿತು. ಹಲವು ವಿತರಣೆಗಳಲ್ಲಿ, ಉದಾಹರಣೆಗೆ ಲಿನಕ್ಸ್ ಮಿಂಟ್‌ನಲ್ಲಿ, ಲಿಬ್ರೆಆಫೀಸ್ ಮೊದಲೇ ಇರುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕೇರಳದ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸಿನಲ್ಲಿ ಇದನ್ನೇ ಕಲಿಯುತ್ತಾರೆ. ಅವರಿಗೆ ಸ್ಥಾಪನೆಯೆಂಬ ಪ್ರಶ್ನೆಯೇ ಏಳದು. ಕನ್ನಡದ ಪರದೆಗೆ ಮಾತ್ರ ಭಂಡಾರದಿಂದ ಇನ್ನೊಂದು ಚಿಕ್ಕ ಪೊಟ್ಟಣವನ್ನು ತರಿಸಬೇಕು.

ಇದರಲ್ಲಿ ಕೊರತೆಯೂ ಇದೆ. ವಿತರಣೆಯವರು ಸ್ಥಿರತೆಗಾಗಿ ಹಳೆಯ ಆವೃತ್ತಿಯನ್ನೇ ಬಹುಕಾಲ ಇಟ್ಟುಕೊಳ್ಳುತ್ತಾರೆ. ಹೊಸದು ಬೇಕಾದವರು ಪ್ರತಿಷ್ಠಾನದಿಂದಲೇ ಪೊಟ್ಟಣಗಳ ಕಟ್ಟನ್ನು ಇಳಿಸಿ ಹಾಕಬಹುದು. ಆಗ ಹಳೆಯದೂ ಹೊಸದೂ ಒಂದೇ ಗಣಕದಲ್ಲಿ ಅಕ್ಕಪಕ್ಕ ಕುಳಿತು, ಯಾವುದು ತೆರೆಯಿತೆಂದು ತಿಳಿಯದೆ ಗೊಂದಲವಾಗುವುದುಂಟು. ಫ್ಲಾಟ್‌ಪ್ಯಾಕ್ ಎಂಬ ಮತ್ತೊಂದು ವಿಧಾನ ಈ ತೊಂದರೆಯನ್ನು ಬಹುಮಟ್ಟಿಗೆ ನಿವಾರಿಸಿದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ನಿಂತಿತು. ಲಿಬ್ರೆಆಫೀಸಾದರೋ 25.8ನೆಯ ಆವೃತ್ತಿಯಿಂದ ವಿಂಡೋಸ್ 7 ಹಾಗೂ 8ನ್ನು ಕೈಬಿಟ್ಟಿತು. ಸಂಘಸಂಸ್ಥೆಗಳ ಮೂಲೆಯಲ್ಲಿ ಧೂಳು ಹಿಡಿಯುತ್ತಿರುವ ಗಣಕಗಳಿಗೆ ಇನ್ನು ಲಿನಕ್ಸೇ ಗತಿಯೆಂದು ನನ್ನ ಅಭಿಪ್ರಾಯ.

ಈಗ 14, 15, 16 ಪುಟಗಳ ಸಮಸ್ಯೆಗೆ ಬರೋಣ. 2017ರ 5.3ನೆಯ ಆವೃತ್ತಿಗೆ ಮುಂಚೆ ಲಿಬ್ರೆಆಫೀಸು ಒತ್ತಕ್ಷರ ಮತ್ತು ಗುಣಿತಾಕ್ಷರಗಳನ್ನು ಜೋಡಿಸುವ ಕೆಲಸವನ್ನು ಒಂದೊಂದು ವ್ಯವಸ್ಥೆಯಲ್ಲಿ ಒಂದೊಂದು ಯಂತ್ರಾಂಗಕ್ಕೆ ವಹಿಸಿತ್ತು. ಆ ಬಳಿಕ ಮೂರರಲ್ಲಿಯೂ ಹಾರ್ಫ್‌ಬಝ್ ಎಂಬ ಒಂದೇ ಮುಕ್ತ ಯಂತ್ರಾಂಗ ಆ ಕೆಲಸವನ್ನು ಮಾಡುತ್ತಿದೆ. ಆದುದರಿಂದ ಜೋಡಣೆಯಲ್ಲಿ ಇಂದು ಭೇದವಿಲ್ಲ, ಭೇದವಿರುವುದು ಫಾಂಟಿನಲ್ಲಿ. ಮ್ಯಾಕಿನಲ್ಲಿ ಕನ್ನಡ ಸಂಗಮ್, ವಿಂಡೋಸಿನಲ್ಲಿ ನಿರ್ಮಲಾ, ಲಿನಕ್ಸಿನಲ್ಲಿ ಲೋಹಿತ್ ಅಥವಾ ನೋಟೊ. ಡೆಬಿಯನ್ ಭಂಡಾರದಲ್ಲಿ ಗುಬ್ಬಿ, ನವಿಲು ಎಂಬ ಸೊಗಸಾದ ಫಾಂಟುಗಳೂ ಇವೆ. ಲೇಖಕರು ಬಳಸಿದ ಫಾಂಟು ಓದುವವರಲ್ಲಿ ಇಲ್ಲದಿದ್ದರೆ ತಂತ್ರಾಂಶವು ಸದ್ದಿಲ್ಲದೆ ಇನ್ನೊಂದನ್ನು ತಂದು ಕೂರಿಸುತ್ತದೆ. ಅಕ್ಷರದ ಅಗಲವೂ ಸಾಲಿನ ಎತ್ತರವೂ ಬದಲಾಗುವುದರಿಂದ ಪುಟಗಳು ಹಿಗ್ಗುತ್ತವೆ, ಕುಗ್ಗುತ್ತವೆ. ನಮ್ಮ ಹಿರಿಯರಿಬ್ಬರಲ್ಲಿ ಯಾರದೂ ತಪ್ಪಿರಲಿಲ್ಲ.

ಪರಿಹಾರವು ಕಷ್ಟದ್ದಲ್ಲ. ನೋಟೊ ಸೆರಿಫ್ ಕನ್ನಡದಂತಹ ಒಂದು ಮುಕ್ತ ಫಾಂಟನ್ನು ಮೂರು ಕಡೆಯೂ ಹಾಕಿಕೊಂಡು, ಕಡತದ ‘ಪ್ರಾಪರ್ಟೀಸ್’ನಲ್ಲಿ ಫಾಂಟನ್ನು ಕಡತದೊಳಗೇ ಅಡಕಗೊಳಿಸುವ ಆಯ್ಕೆಯನ್ನು ಗುರುತುಮಾಡಿದರೆ ಸಾಕು. ‘ಆಪ್ಶನ್ಸ್’ನ ಭಾಷಾವಿಭಾಗದಲ್ಲಿ ಸಂಕೀರ್ಣ ಲಿಪಿಯ ಭಾಷೆ ಕನ್ನಡವೆಂದು ತಿಳಿಸುವುದೂ ಅಗತ್ಯ.

ಕೀಲಿಮಣೆಯೂ ವ್ಯವಸ್ಥೆಗೆ ಸೇರಿದ್ದು, ತಂತ್ರಾಂಶಕ್ಕಲ್ಲ. ಮೂರರಲ್ಲಿಯೂ ಇನ್‌ಸ್ಕ್ರಿಪ್ಟ್ ಸಿಗುತ್ತದೆ. ನಮ್ಮಲ್ಲಿ ಹೆಚ್ಚಿನವರ ಬೆರಳಿಗೆ ಅಂಟಿರುವುದು ನುಡಿಯ ವಿನ್ಯಾಸ. ಅದರ ಮೂಲವು, ಮುಂಬಯಿಯ ಟಾಟಾ ಪ್ರೆಸ್ಸಿನಲ್ಲಿಯೂ ಕೆಲಸ ಮಾಡಿದ್ದ ಕಿನ್ನಿಕಂಬಳ ಪದ್ಮನಾಭ ರಾಯರದು ಎಂಬುದನ್ನು ಈ ನಗರದ ಕನ್ನಡಿಗರು ಹೆಮ್ಮೆಯಿಂದ ನೆನೆಯಬಹುದು. ನುಡಿ ತಂತ್ರಾಂಶವಿಲ್ಲದ ಲಿನಕ್ಸಿನಲ್ಲಿಯೂ ಐಬಸ್ ಎಂಬುದರ ಮೂಲಕ ಅದೇ ವಿನ್ಯಾಸವನ್ನು ಪಡೆಯಬಹುದು.

ಉಳಿದದ್ದು ಹಳೆಯ ಕಡತಗಳ ವಿಷಯ. ಯುನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಲೇಖನಗಳನ್ನು ಲಿಬ್ರೆಆಫೀಸು ಮೂರು ವ್ಯವಸ್ಥೆಗಳಲ್ಲಿಯೂ ತೆರೆಯುತ್ತದೆ. ಆದರೆ ಆ ಫಾಂಟು ಇಲ್ಲದಿದ್ದರೆ ಕಾಣುವುದು ಕನ್ನಡವಲ್ಲ, ರೋಮನ್ ಅಕ್ಷರಗಳ ಕಲಸುಮೇಲೋಗರ. ಆ ಕಡತಗಳಲ್ಲಿ ಅಕ್ಷರಗಳಿಲ್ಲ, ಅಕ್ಷರದ ತುಂಡುಗಳ ಸಂಕೇತಗಳು ಮಾತ್ರ ಇವೆ. ಹಳೆಯ ಫಾಂಟನ್ನು ಹಾಕಿದರೆ ಓದಬಹುದು, ಪದವನ್ನು ಹುಡುಕಲಾಗದು. ಅವನ್ನು ಪರಿವರ್ತಕದ ಮೂಲಕ ಯುನಿಕೋಡಿಗೆ ತಂದು ಸಾಲುಸಾಲಾಗಿ ಓದಿ ತಿದ್ದಬೇಕು. ಇಂತಹ ಲೇಖನಗಳು ಯಾರ ಬಳಿಯಿದ್ದರೂ, ಅವುಗಳಿರುವ ಹಳೆಯ ವಿಂಡೋಸ್ ಗಣಕವನ್ನು ಗುಜರಿಗೆ ಹಾಕುವ ಮುನ್ನ ಕಡತಗಳೊಡನೆ ಆ ಫಾಂಟುಗಳನ್ನೂ ಪ್ರತಿಮಾಡಿ ಇಟ್ಟುಕೊಳ್ಳಬೇಕಾಗಿ ವಿನಂತಿ.