ಬ್ಯಾಟರಿಯ ಕೊಂಡಿ: ರೇಡಿಯೋ ನಿಯಂತ್ರಿತ ವಾಹನಗಳಲ್ಲಿ ಕನೆಕ್ಟರಿನ ಆಯ್ಕೆ

ರೇಡಿಯೋ ನಿಯಂತ್ರಣದಿಂದ ಓಡುವ ಪುಟ್ಟ ವಾಹನಗಳನ್ನು ಕಟ್ಟುವುದು ಬರಿಯ ಮಕ್ಕಳ ಆಟವಲ್ಲ. ಕಾಲೇಜಿನ ವಿದ್ಯಾರ್ಥಿಗಳಲ್ಲಿಯೂ ಅಧ್ಯಾಪಕರಲ್ಲಿಯೂ ಈ ಹವ್ಯಾಸಕ್ಕೆ ಮನಸೋತವರಿದ್ದಾರೆ. ಆದರೆ ಮೋಟಾರನ್ನು ಆರಿಸುವಾಗ, ಬ್ಯಾಟರಿಯನ್ನು ಕೊಳ್ಳುವಾಗ ಇವರು ತೋರುವ ವಿವೇಚನೆ, ಅವೆರಡರ ನಡುವಣ ಕೊಂಡಿಯಾದ ಕನೆಕ್ಟರಿನ ವಿಷಯದಲ್ಲಿ ಸಾಮಾನ್ಯವಾಗಿ ಕಾಣಬರುವುದಿಲ್ಲ. ಬ್ಯಾಟರಿಯೊಡನೆ ಯಾವುದು ಬಂದಿತೋ ಅದೇ ಸರಿ ಎಂಬ ಭಾವನೆ.

ಕೆಲವು ಕಾಲದ ಹಿಂದೆ ಇಬ್ಬರು ವಿದ್ಯಾರ್ಥಿಗಳು ತಮ್ಮ ವಾಹನವನ್ನು ಈ ಲೇಖಕನ ಬಳಿಗೆ ತಂದಿದ್ದರು. ಅದು ಏರು ಹತ್ತುವಾಗ ಸೊರಗುತ್ತಿತ್ತು. ಬ್ಯಾಟರಿ ಹಳೆಯದಾಯಿತೆಂದು ಬಗೆದು, ಊಟದ ಖರ್ಚಿನಲ್ಲಿ ಉಳಿಸಿದ ಹಣದಿಂದ ಹೊಸದನ್ನು ಕೊಂಡಿದ್ದರು, ದೋಷ ಹೋಗಿರಲಿಲ್ಲ. ಕನೆಕ್ಟರಿನ ಬಿಳಿಯ ನೈಲಾನ್ ಕವಚದ ಒಂದು ಮಗ್ಗುಲು ಕಂದುಬಣ್ಣಕ್ಕೆ ತಿರುಗಿದ್ದುದನ್ನು ಇಬ್ಬರೂ ಗಮನಿಸಿರಲಿಲ್ಲ. ರೋಗ ಇದ್ದುದು ಅಲ್ಲಿ.

ಜೌಲನು ತೋರಿಸಿಕೊಟ್ಟಂತೆ ವಾಹಕದಲ್ಲಿ ಹುಟ್ಟುವ ಉಷ್ಣವು ವಿದ್ಯುತ್ಪ್ರವಾಹದ ವರ್ಗಕ್ಕೂ ರೋಧಕ್ಕೂ ಅನುಪಾತದಲ್ಲಿರುತ್ತದೆ. ಸುಸ್ಥಿತಿಯ ಒಂದು ಸಂಪರ್ಕದ ರೋಧ ಅರ್ಧ ಮಿಲಿಓಮ್ ಎಂದಿಟ್ಟುಕೊಳ್ಳೋಣ. 40 ಆಂಪಿಯರ್ ಹರಿದಾಗ ಅಲ್ಲಿ ಹುಟ್ಟುವ ಉಷ್ಣ 0.8 ವಾಟ್, ಕೈಗೆ ಬೆಚ್ಚಗೆನಿಸಬಹುದು, ಅಷ್ಟೆ. ಅದೇ ಸಂಪರ್ಕ ಹಾಳಾಗಿ ರೋಧ 5 ಮಿಲಿಓಮಿಗೆ ಏರಿದರೆ ಉಷ್ಣ 8 ವಾಟ್. ಧನ, ಋಣ ಎರಡೂ ಕಡ್ಡಿಗಳನ್ನು ಸೇರಿಸಿದರೆ 16 ವಾಟ್. ಸಣ್ಣದೊಂದು ಸಾಲ್ಡರಿಂಗ್ ಐರನ್ನಿನ ಕಾವನ್ನು ಹೆಬ್ಬೆಟ್ಟಿನಷ್ಟು ನೈಲಾನಿನೊಳಗೆ ಕೂಡಿಟ್ಟಂತಾಯಿತು. ಮೇಲಾಗಿ 0.4 ವೋಲ್ಟ್ ಅಲ್ಲಿಯೇ ಕಳೆದುಹೋಗುತ್ತದೆ. ಎರಡು ಕೋಶಗಳ 7.4 ವೋಲ್ಟಿನ ಬ್ಯಾಟರಿಗೆ ಇದು ಶೇಕಡಾ 5ಕ್ಕೂ ಮಿಗಿಲಾದ ನಷ್ಟ. ವಾಹನ ಸೊರಗಿದ್ದರಲ್ಲಿ ಆಶ್ಚರ್ಯವಿಲ್ಲ.

ರೋಧ ಹೀಗೆ ಹತ್ತುಪಟ್ಟು ಏರುವುದೇಕೆ? ಎರಡು ಲೋಹಗಳು ಒಂದನ್ನೊಂದು ಒತ್ತಿಕೊಂಡಿರುವಾಗ ಕಣ್ಣಿಗೆ ಕಾಣುವ ಮೇಲ್ಮೈಯೆಲ್ಲವೂ ತಾಗಿರುವುದಿಲ್ಲ. ಎಷ್ಟೇ ನುಣುಪಾಗಿ ಕಂಡರೂ ಲೋಹದ ಮೇಲ್ಮೈ ಸೂಕ್ಷ್ಮದಲ್ಲಿ ಬೆಟ್ಟಗುಡ್ಡಗಳ ನಾಡು. ಶಿಖರಕ್ಕೆ ಶಿಖರ ತಾಗಿದ ಕೆಲವೇ ಬಿಂದುಗಳಲ್ಲಿ ಪ್ರವಾಹವೆಲ್ಲವೂ ಕಿಕ್ಕಿರಿದು ದಾಟಬೇಕು. ಸ್ವೀಡನ್ ದೇಶದ ಭೌತವಿಜ್ಞಾನಿ ರಾಗ್ನರ್ ಹೋಲ್ಮ್ ಈ ವಿಷಯವನ್ನು ವಿಸ್ತಾರವಾಗಿ ಅಭ್ಯಸಿಸಿದನು. ಒಂದೇ ಲೋಹದ ಎರಡು ತುಂಡುಗಳು ವೃತ್ತಾಕಾರದ ಒಂದು ಬಿಂದುವಿನಲ್ಲಿ ತಾಗಿದ್ದರೆ, ಲೋಹದ ವಿಶಿಷ್ಟ ರೋಧವನ್ನು ಆ ಬಿಂದುವಿನ ವ್ಯಾಸದಿಂದ ಭಾಗಿಸಿದಾಗ ಸಂಪರ್ಕದ ರೋಧ ದೊರೆಯುತ್ತದೆ. ಹಿತ್ತಾಳೆಯ ವಿಶಿಷ್ಟ ರೋಧ ಸುಮಾರು 7×10⁻⁸ ಓಮ್-ಮೀಟರ್. ಬಿಂದುವಿನ ವ್ಯಾಸ 0.2 ಮಿಲಿಮೀಟರ್ ಆದರೆ ರೋಧ 0.35 ಮಿಲಿಓಮ್. ವ್ಯಾಸ ಅರ್ಧಕ್ಕಿಳಿದರೆ ರೋಧ ಇಮ್ಮಡಿ. ಈ ಬಿಂದುಗಳ ಒಟ್ಟು ಕ್ಷೇತ್ರವನ್ನು ನಿರ್ಧರಿಸುವುದು ಕಡ್ಡಿಯ ಗಾತ್ರವಲ್ಲ, ಒತ್ತುವ ಬಲ ಮತ್ತು ಲೋಹದ ಗಡಸುತನ. ಎಂದರೆ, ಕನೆಕ್ಟರಿನ ಪ್ರಾಣವಿರುವುದು ಅದರ ಸ್ಪ್ರಿಂಗಿನಲ್ಲಿ. ಕಾವು ಹೆಚ್ಚಿದಂತೆ ಸ್ಪ್ರಿಂಗು ತನ್ನ ಬಿಗಿಯನ್ನು ಕಳೆದುಕೊಳ್ಳುತ್ತದೆ. ಬಿಗಿ ಕಳೆದಂತೆ ರೋಧ ಏರುತ್ತದೆ. ರೋಧ ಏರಿದಂತೆ ಕಾವು ಮತ್ತೂ ಹೆಚ್ಚುತ್ತದೆ. ಒಮ್ಮೆ ಕಂದಿದ ಕನೆಕ್ಟರು ತಾನಾಗಿ ಸುಧಾರಿಸುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಚಿನ್ನದ ಲೇಪದ ಬಗೆಗೆ ಒಂದು ಮಾತು. ಚಿನ್ನವು ತಾಮ್ರಕ್ಕಿಂತ ಉತ್ತಮ ವಾಹಕವೆಂದು ಎಷ್ಟೋ ವಿದ್ಯಾರ್ಥಿಗಳು ನಂಬಿದ್ದಾರೆ. ಹಾಗಲ್ಲ, ಈ ಗುಣದಲ್ಲಿ ತಾಮ್ರವೇ ಮೇಲು. ಆದರೆ ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ. ತವರದ ಲೇಪವಿದ್ದರೆ, ವಾಹನದ ಕಂಪನದಿಂದ ಸಂಪರ್ಕದ ಬಿಂದುಗಳು ಸದಾ ಉಜ್ಜಿ, ಸವೆದ ಕಣಗಳು ಆಕ್ಸೈಡಾಗಿ ನಡುವೆ ಕೂರುತ್ತವೆ. ಕುಲುಕಾಡುವ ವಾಹನಕ್ಕೆ ಚಿನ್ನದ ಲೇಪ ಒಳ್ಳೆಯದೆನ್ನುವುದು ಈ ಕಾರಣದಿಂದ, ಹೊಳಪಿನಿಂದಲ್ಲ.

ಇನ್ನು ಬಳಕೆಯಲ್ಲಿರುವ ಬಗೆಗಳು. ಜಪಾನಿನ ತಾಮಿಯಾ ಸಂಸ್ಥೆಯ ಹೆಸರಿನಿಂದ ಕರೆಯಲ್ಪಡುವ ಬಿಳಿಯ ಕನೆಕ್ಟರು ಆರು ಕೋಶಗಳ 7.2 ವೋಲ್ಟಿನ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ತೆಳುವಾದ ತಗಡನ್ನು ಸುರುಳಿ ಸುತ್ತಿ ಮಾಡಿದ ಕಡ್ಡಿ; ಒತ್ತುವ ಬಲ ಅಲ್ಪ. ಸಾಧಾರಣ ಮೋಟಾರಿಗೆ ಅದು ಇಂದಿಗೂ ಸಾಕು. ಆದರೆ ಲಿಥಿಯಂ-ಪಾಲಿಮರ್ ಬ್ಯಾಟರಿಗೂ ಬ್ರಷ್‌ರಹಿತ ಮೋಟಾರಿಗೂ ನಡುವೆ ಅದನ್ನು ಇಡುವುದು ದೊಡ್ಡ ಕೆರೆಯ ತೂಬಿಗೆ ಬಿದಿರಿನ ಕೊಳವೆ ಸಿಕ್ಕಿಸಿದಂತೆ. ಡೀನ್ಸ್ ಎಂಬ ಚಪ್ಪಟೆ ಅಲಗಿನ ಕನೆಕ್ಟರು ಚಿಕ್ಕದು, ರೋಧ ಕಡಿಮೆ. ಬೆರಳಿಗೆ ಹಿಡಿತ ಸಿಕ್ಕದೆ ಬಿಡಿಸುವುದು ಕಷ್ಟ. ಹಳದಿ ಬಣ್ಣದ ಎಕ್ಸ್‌ಟಿ ಮಾಲೆಯಲ್ಲಿ ಸೀಳಿದ ಗಂಡು ಕಡ್ಡಿಯೇ ಸ್ಪ್ರಿಂಗಾಗಿ ವರ್ತಿಸುತ್ತದೆ. ಎಕ್ಸ್‌ಟಿ-60ರಲ್ಲಿ 3.5 ಮಿಲಿಮೀಟರಿನ ಕಡ್ಡಿ, ಎಕ್ಸ್‌ಟಿ-90ರಲ್ಲಿ 4.5. ಹೆಸರಿನ ಸಂಖ್ಯೆಯನ್ನು ನೋಡಿ ಮೋಸಹೋಗಬಾರದು: 60 ಎಂಬುದು ಕ್ಷಣಕಾಲ ತಡೆಯಬಲ್ಲ ಆಂಪಿಯರ್, ನಿರಂತರ ಪ್ರವಾಹಕ್ಕೆ ತಯಾರಕರೇ ಕೊಟ್ಟಿರುವ ಮಿತಿ 30. ಹತ್ತರಲ್ಲೊಂದು ಅಳತೆಯ ಕಾರಿಗೆ ಎಕ್ಸ್‌ಟಿ-60 ಸಾಮಾನ್ಯವಾಗಿ ಒಪ್ಪುತ್ತದೆ. ಎಂಟರಲ್ಲೊಂದು ಅಳತೆಯ ಭಾರವಾದ ವಾಹನಕ್ಕೆ ಎಕ್ಸ್‌ಟಿ-90 ಅಥವಾ 5 ಮಿಲಿಮೀಟರಿನ ಇಸಿ-5 ಬೇಕು. ಯಾವುದನ್ನೇ ಆರಿಸಲಿ, ತನ್ನಲ್ಲಿರುವ ಒಂದೇ ವರ್ಗದ ವಾಹನಗಳಿಗೆಲ್ಲ ಒಂದೇ ಬಗೆಯನ್ನು ಇಟ್ಟುಕೊಳ್ಳುವುದು ಜಾಣತನ; ನಡುವೆ ಸೇರಿಸುವ ಒಂದೊಂದು ಅಡಾಪ್ಟರೂ ಎರಡೆರಡು ಹೊಸ ಸಂಪರ್ಕಗಳನ್ನು ತರುತ್ತದೆ.

ಹೆಚ್ಚು ಕೋಶಗಳ ಬ್ಯಾಟರಿಯನ್ನು ಸಿಕ್ಕಿಸುವಾಗ ಚಟ್ಟನೆ ಕಿಡಿ ಹಾರುವುದನ್ನು ನೋಡಿದವರು ಬಲ್ಲರು. ವೇಗನಿಯಂತ್ರಕದ ಬಾಯಲ್ಲಿರುವ ಬರಿದಾದ ಧಾರಕಗಳು ಒಮ್ಮೆಗೇ ತುಂಬಿಕೊಳ್ಳುವುದೇ ಇದಕ್ಕೆ ಕಾರಣ. ಪ್ರತಿಯೊಂದು ಕಿಡಿಯೂ ಕಡ್ಡಿಯ ತುದಿಯಲ್ಲಿ ಒಂದು ಕುಳಿಯನ್ನು ಬಿಡುತ್ತದೆ. ಎಕ್ಸ್‌ಟಿ-90ರ ಕಿಡಿನಿರೋಧಕ ಮಾದರಿಯಲ್ಲಿ 5.6 ಓಮಿನ ಒಂದು ರೋಧಕವನ್ನು ಒಳಗಿಟ್ಟಿರುತ್ತಾರೆ. ಮೊದಲು ತಾಗುವುದು ಅದು. ತುಂಬಿದ ಆರು ಕೋಶಗಳ 25.2 ವೋಲ್ಟಿಗೆ ಆರಂಭದ ಪ್ರವಾಹ 4.5 ಆಂಪಿಯರಿಗೆ ಮಿತಗೊಳ್ಳುತ್ತದೆ. ಧಾರಕ 1000 ಮೈಕ್ರೋಫ್ಯಾರಡ್ ಆದರೆ ಕಾಲಸ್ಥಿರಾಂಕ 5.6 ಮಿಲಿಸೆಕೆಂಡು. ಕೈ ಪೂರ್ತಿ ಒತ್ತುವುದರೊಳಗೆ ಧಾರಕ ತುಂಬಿರುತ್ತದೆ. ತರಗತಿಯಲ್ಲಿ ಕಾಲಸ್ಥಿರಾಂಕವನ್ನು ಬೋಧಿಸಲು ಇದಕ್ಕಿಂತ ಸೊಗಸಾದ ಉದಾಹರಣೆ ಸುಲಭವಾಗಿ ಸಿಕ್ಕದು.

ಪೇಟೆಯಲ್ಲಿ ನಕಲಿ ಮಾಲು ಹೇರಳವಾಗಿರುವುದರಿಂದ ಕನೆಕ್ಟರನ್ನು ಅಳೆದು ನೋಡುವುದೇ ಲೇಸು. ಸಾಮಾನ್ಯ ಓಮ್‌ಮಾಪಕದಿಂದ ಇದು ಸಾಧ್ಯವಿಲ್ಲ. ಅದರ ತಂತಿಗಳ ರೋಧವೇ ಸಂಪರ್ಕದ ರೋಧವನ್ನು ಮುಳುಗಿಸಿಬಿಡುತ್ತದೆ. ಕನೆಕ್ಟರಿನ ಮೂಲಕ 10 ಆಂಪಿಯರ್ ಹರಿಸಿ, ಬೇರೆ ಎರಡು ತಂತಿಗಳನ್ನು ಒಂದೇ ಕಡ್ಡಿಯ ಎರಡೂ ಪಕ್ಕದ ಬೆಸುಗೆಗಳಿಗೆ ತಾಗಿಸಿ ಮಿಲಿವೋಲ್ಟುಗಳನ್ನು ಓದಬೇಕು. 5 ಮಿಲಿವೋಲ್ಟ್ ತೋರಿದರೆ ರೋಧ ಅರ್ಧ ಮಿಲಿಓಮ್. 20 ತೋರಿದರೆ ಅದನ್ನು ಕತ್ತರಿಸಿ ಎಸೆಯಬಹುದು. ಮೇಲೆ ಹೇಳಿದ ವಿದ್ಯಾರ್ಥಿಗಳಿಗೆ ಈ ಪ್ರಯೋಗಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ.

ಹೊಸದನ್ನು ಬೆಸೆಯುವಾಗ ಹೆಣ್ಣು ಭಾಗ ಬ್ಯಾಟರಿಯ ಕಡೆಗಿರಬೇಕು. ಸದಾ ಜೀವಂತವಾಗಿರುವ ತುದಿಗಳು ಕವಚದೊಳಗೆ ಅಡಗಿರುವುದು ಅವಶ್ಯ. ಜೊತೆಯ ಭಾಗವನ್ನು ಸಿಕ್ಕಿಸಿಟ್ಟುಕೊಂಡೇ ಬೆಸೆದರೆ ನೈಲಾನ್ ಮೆದುವಾದರೂ ಕಡ್ಡಿಗಳು ಓರೆಯಾಗುವುದಿಲ್ಲ. ಹಳೆಯ ಕನೆಕ್ಟರನ್ನು ತೆಗೆಯುವಾಗ ಬ್ಯಾಟರಿಯ ಎರಡು ತಂತಿಗಳನ್ನೂ ಒಟ್ಟಿಗೆ ಕತ್ತರಿಸಕೂಡದು. ಕತ್ತರಿಯ ಅಲಗು ಎರಡಕ್ಕೂ ತಾಗಿದ ಕ್ಷಣ ಲಿಥಿಯಂ ಕೋಶ ನೂರಾರು ಆಂಪಿಯರುಗಳನ್ನು ಹರಿಸಬಲ್ಲದು, ಬೆಂಕಿಯೂ ಹೊತ್ತಿಕೊಳ್ಳಬಹುದು. ಕೆಂಪು ತಂತಿಯನ್ನು ಕತ್ತರಿಸಿ, ಬೆಸೆದು, ಕವಚ ಹಾಕಿ ಮುಗಿಸಿದ ಮೇಲೆಯೇ ಕಪ್ಪು ತಂತಿಗೆ ಕೈ ಹಾಕಬೇಕು.